ಅಪ್ಪನ ಟ್ರಂಕಿನಲ್ಲಿ ಸಿಕ್ಕಿದ ಫಸ್ಟ್ ಡೇ ಕವರುಗಳು: ಬೆಲೆ ಎಷ್ಟು, ಉಳಿಸುವುದು ಹೇಗೆ?

ಪ್ರಶ್ನೆ: ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಅಪ್ಪ ಕನ್ನಡ ಶಾಲೆಯಲ್ಲಿ ಮಾಸ್ಟ್ರಾಗಿದ್ದರು. 1970ರಿಂದ 90ರ ದಶಕದವರೆಗೂ ಫಸ್ಟ್ ಡೇ ಕವರ್ (ಹೊಸ ಸ್ಟಾಂಪು ಹಚ್ಚಿ ಬಿಡುಗಡೆಯ ದಿನದ ಠಸ್ಸೆ ಹೊಡೆದ ಕವರು) ತರಿಸಿ ಇಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಟ್ರಂಕು ತೆರೆದು ನೋಡಿದರೆ ಸುಮಾರು ಮುನ್ನೂರು ಕವರುಗಳಿವೆ, ಜೊತೆಗೆ ಅಜ್ಜನ ಕಾಲದಿಂದ ಬಂದ ಮನೆಯ ಕಾಗದಪತ್ರಗಳ ಒಂದು ಕಟ್ಟು. ಕೆಲವು ಕವರುಗಳಲ್ಲಿ ಕಂದು ಚುಕ್ಕೆ ಎದ್ದಿದೆ. ಪರಿಚಯದವರೊಬ್ಬರು ಒಂದೊಂದು ಕವರಿಗೂ ಸಾವಿರಗಟ್ಟಲೆ ಸಿಗುತ್ತದೆ ಎಂದರು. ಇನ್ನೊಬ್ಬರು ಠಸ್ಸೆ ಬಿದ್ದ ಸ್ಟಾಂಪಿಗೆ ಬೆಲೆಯೇ ಇಲ್ಲ ಎಂದರು. ಸ್ಟಾಂಪುಗಳನ್ನು ನೀರಿನಲ್ಲಿ ನೆನೆಸಿ ಬಿಡಿಸಿ ಆಲ್ಬಂಗೆ ಹಾಕಲಾ, ಇಲ್ಲ ಕವರುಗಳನ್ನೇ ಲ್ಯಾಮಿನೇಷನ್ ಮಾಡಿಸಲಾ? ಏಳನೇ ಕ್ಲಾಸಿನ ಮಗಳಿಗೆ ಇದನ್ನು ಮುಂದುವರಿಸುವ ಆಸೆ ಇದೆ. ಇಲ್ಲಿ ಕೂತು ವಿಶೇಷ ಠಸ್ಸೆಗಳನ್ನು ಪಡೆಯುವುದು ಹೇಗೆ?

ಉತ್ತರ: ಮೊದಲು ಒಂದು ಮಾತು. ನೀರಿಗೆ ಹಾಕಬೇಡಿ, ಲ್ಯಾಮಿನೇಷನ್‌ಗೂ ಕೊಡಬೇಡಿ. ಉಳಿದದ್ದನ್ನೆಲ್ಲ ನಿಧಾನವಾಗಿ ಯೋಚಿಸಬಹುದು, ಈ ಎರಡನ್ನು ಮಾಡಿದರೆ ಮಾತ್ರ ಸರಿಪಡಿಸುವ ದಾರಿಯೇ ಇಲ್ಲ.

ನಿಮ್ಮ ಪತ್ರದಲ್ಲಿ ನನಗೆ ಕಂಡದ್ದು ಎರಡು ಚಿಂತೆ. ಅಪ್ಪ ಜೋಪಾನ ಮಾಡಿದ್ದು ನಿಮ್ಮ ಕೈಯಲ್ಲಿ ಹಾಳಾಗಬಾರದು ಅನ್ನೋದು ಒಂದು. ನಿಜವಾಗಿ ಬೆಲೆ ಇದ್ದರೆ ಗೊತ್ತಿಲ್ಲದೆ ಯಾರಿಗೋ ಕೊಟ್ಟುಬಿಡಬಾರದು ಅನ್ನೋದು ಇನ್ನೊಂದು. ಅಂಚೆ ಇಲಾಖೆಯ ಫಿಲಾಟೆಲಿ (ಸ್ಟಾಂಪು ಸಂಗ್ರಹ) ಕೌಂಟರಿನಲ್ಲಿ ಕೆಲಸ ಮಾಡಿದವನು ನಾನು, ಈಗ ಜನ ಮನೆಯಿಂದ ತರುವ ಸಂಗ್ರಹಗಳನ್ನು ನೋಡಿ ಸಲಹೆ ಕೊಡುತ್ತೇನೆ. ತರುವವರಲ್ಲಿ ಮುಕ್ಕಾಲು ಮಂದಿಯ ಪ್ರಶ್ನೆ ನಿಮ್ಮದೇ ಪ್ರಶ್ನೆ. ಅವರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ: ನೀವು ಅಮೂಲ್ಯ ಅಂದುಕೊಂಡದ್ದು ಬಹುಶಃ ಅಷ್ಟು ಅಪರೂಪದ್ದಲ್ಲ, ಆದರೆ ಪತ್ರದಲ್ಲಿ ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟ ಆ ಕಾಗದದ ಕಟ್ಟು ಇದೆಯಲ್ಲ, ಅದನ್ನು ಎಚ್ಚರದಿಂದ ನೋಡಬೇಕು.

ಸಾವಿರಗಟ್ಟಲೆ ಸಿಗುತ್ತದೆ ಎಂಬ ಮಾತಿನಿಂದ ಶುರು ಮಾಡುತ್ತೇನೆ. ಹೊಸ ಸ್ಟಾಂಪು ಬಿಡುಗಡೆಯಾಗುವಾಗ ಅದಕ್ಕೆಂದೇ ಇಲಾಖೆ ಒಂದು ಕವರು ಮುದ್ರಿಸುತ್ತದೆ. ಆ ಕವರಿಗೆ ಸ್ಟಾಂಪು ಹಚ್ಚಿ, ಬಿಡುಗಡೆಯ ತಾರೀಕು ಮತ್ತು ವಿಷಯಕ್ಕೆ ಹೊಂದುವ ಚಿತ್ರ ಇರುವ ಠಸ್ಸೆ ಹೊಡೆದರೆ ಅದು ಫಸ್ಟ್ ಡೇ ಕವರ್. ಇದು ಒಂದೇ ಊರಿನಲ್ಲಿ ನಡೆಯುವ ಕೆಲಸ ಅಲ್ಲ. ದೇಶದ ಫಿಲಾಟೆಲಿ ಬ್ಯೂರೋಗಳಿಗೆಲ್ಲ ಸ್ಟಾಂಪು, ಕವರು, ಠಸ್ಸೆ ಹೋಗುತ್ತವೆ. ದೂರದ ಕೌಂಟರುಗಳಿಗೆ ಸ್ಟಾಂಪು ತಡವಾಗಿ ತಲುಪುವುದೂ ಉಂಟು, ಆಗಲೂ ಬೀಳುವುದು ಬಿಡುಗಡೆಯ ದಿನದ ತಾರೀಕೇ. ಹೀಗೆ ತಯಾರಾದ ಕವರುಗಳನ್ನು ಕೊಂಡವರೆಲ್ಲ ನಿಮ್ಮ ಅಪ್ಪನ ಹಾಗೇ ಜೋಪಾನವಾಗಿ ಇಟ್ಟವರು. ಯಾರೂ ಎಸೆಯಲಿಲ್ಲ. ಎಸೆಯದ ವಸ್ತು ಅಪರೂಪ ಆಗುವುದಾದರೂ ಹೇಗೆ? 70, 80, 90ರ ದಶಕದ ಮಾಮೂಲಿ ಫಸ್ಟ್ ಡೇ ಕವರುಗಳನ್ನು ಡೀಲರುಗಳು ಕಟ್ಟುಗಟ್ಟಲೆ ಕೊಳ್ಳುವಾಗ ಒಂದಕ್ಕೆ ಹತ್ತಿಪ್ಪತ್ತು ರೂಪಾಯಿಯ ಮಾತಾಡುತ್ತಾರೆ. ಇದು ಕೇಳಲು ಬೇಜಾರು, ಆದರೆ ನಿಮಗೆ ಮೊದಲೇ ಗೊತ್ತಿರುವುದು ಒಳ್ಳೆಯದು.

ಹಾಗಾದರೆ ಪೇಪರಿನಲ್ಲಿ ಬರುವ ಕೋಟಿಗಳ ಸುದ್ದಿ ಸುಳ್ಳಾ? ಸುಳ್ಳಲ್ಲ. 1948ರ ಆಗಸ್ಟ್ 15ರಂದು ಬಂದ ಗಾಂಧೀಜಿಯ 10 ರೂಪಾಯಿ ಸ್ಟಾಂಪಿನ ಮೇಲೆ 'ಸರ್ವಿಸ್' ಎಂದು ಅಚ್ಚು ಹಾಕಿ ಗವರ್ನರ್ ಜನರಲ್ ಕಚೇರಿಯ ಬಳಕೆಗೆ ಕೊಟ್ಟಿದ್ದರು. ಅಂಥವು ಉಳಿದಿರುವುದು ಬೆರಳೆಣಿಕೆ. ಅದರಲ್ಲಿ ನಾಲ್ಕು ಒಟ್ಟಿಗಿರುವ ಪಟ್ಟಿಯೊಂದು 2017ರಲ್ಲಿ ಬ್ರಿಟನ್ನಿನಲ್ಲಿ 5 ಲಕ್ಷ ಪೌಂಡಿಗೆ ಮಾರಾಟವಾಯಿತು. ಅಲ್ಲಿ ಬೆಲೆ ಬಂದದ್ದು ಹಳೆಯದು ಎಂಬ ಕಾರಣಕ್ಕಲ್ಲ, ಇನ್ನೊಂದು ಸಿಗುವುದಿಲ್ಲ ಎಂಬ ಕಾರಣಕ್ಕೆ. ಅದೇ ವರ್ಷ ಅದೇ ಸರಣಿಯಲ್ಲಿ ಬಂದ ಒಂದೂವರೆ ಆಣೆಯ ಸ್ಟಾಂಪು ಇವತ್ತಿಗೂ ಬೇಕಾದಷ್ಟು ಸಿಗುತ್ತದೆ.

ಇನ್ನು ಠಸ್ಸೆ ಬಿದ್ದರೆ ಬೆಲೆ ಇಲ್ಲ ಎಂದವರ ಮಾತು. ಅವರು ಹೇಳಿದ್ದು ಬಿಡಿ ಸ್ಟಾಂಪಿನ ಲೆಕ್ಕ. ಇತ್ತೀಚಿನ ಸ್ಟಾಂಪು ಬಿಡಿಯಾಗಿದ್ದರೆ, ಬಳಸದೆ ಅಂಟು ಸಮೇತ ಇರುವುದಕ್ಕೇ ಜಾಸ್ತಿ ಬೆಲೆ, ಅದು ಸರಿ. ಆದರೆ ಕವರಿನ ಲೆಕ್ಕ ಬೇರೆ. ಕವರಿನ ಮೇಲೆ ಆ ಠಸ್ಸೆಯೇ ಸಾಕ್ಷಿ: ಯಾವ ಊರು, ಯಾವ ದಿನ, ಯಾವ ದಾರಿ. ಅದು ಅರ್ಧ ಸ್ಟಾಂಪಿನ ಮೇಲೆ, ಅರ್ಧ ಕವರಿನ ಮೇಲೆ ಬಿದ್ದಿರಬೇಕು, ತಾರೀಕು ಓದಲು ಬರಬೇಕು. ಹಾಗಿದ್ದರೆ ಸ್ಟಾಂಪು ಆ ಕವರಿನದ್ದೇ ಎಂದು ಖಾತ್ರಿ. ಸ್ಟಾಂಪು ಬಿಡಿಸಿದ ಕೂಡಲೇ ಠಸ್ಸೆ ಎರಡು ತುಂಡಾಗುತ್ತದೆ, ಎರಡೂ ಕಡೆ ಉಳಿಯುವುದು ಅರ್ಥವಿಲ್ಲದ ಗೆರೆ. ಮೇಲಾಗಿ ಠಸ್ಸೆಯ ಮಸಿ ಎಣ್ಣೆಯದ್ದು, ನೀರಿಗೆ ಹೋಗುವುದಿಲ್ಲ. ಆದರೆ ವಿಳಾಸ ಬರೆದ ಫೌಂಟನ್ ಪೆನ್ನಿನ ಶಾಯಿ ಹೋಗುತ್ತದೆ, ಹೋಗುತ್ತಾ ಸ್ಟಾಂಪಿಗೂ ನೀಲಿ ಹಿಡಿಸುತ್ತದೆ. ಲ್ಯಾಮಿನೇಷನ್ ಅಂತೂ ಬಿಸಿ ಅಂಟು. ಕಾಗದದ ನಾರಿನೊಳಗೆ ಇಳಿದದ್ದನ್ನು ಮತ್ತೆ ತೆಗೆಯಲು ಆಗುವುದಿಲ್ಲ, ಅಂಥದ್ದನ್ನು ಯಾವ ಸಂಗ್ರಾಹಕನೂ ಕೊಳ್ಳುವುದಿಲ್ಲ.

ಈಗ ಆ ಕಟ್ಟಿನ ವಿಷಯ. ನೀವು ಕಳಿಸಿದ ಫೋಟೋಗಳಲ್ಲಿ ಒಂದು ಪೋಸ್ಟ್ ಕಾರ್ಡಿದೆ. ನಿಮ್ಮ ಅಜ್ಜನ ಹೆಸರು, ಕೆಳಗೆ ಕುಂಬಳೆ, ಅದರ ಕೆಳಗೆ 'ಎಸ್. ಕೆನರಾ', ಅಂದರೆ ಸೌತ್ ಕೆನರಾ, ದಕ್ಷಿಣ ಕನ್ನಡ. ಮೂಲೆಯಲ್ಲಿ ಕಳಿಸಿದ ಊರಿನ ದುಂಡು ಠಸ್ಸೆ, ನಡುವೆ ಬಂದು ಮುಟ್ಟಿದ ಊರಿನದ್ದು, ಸ್ವಲ್ಪ ಮಸಿ ಹರಡಿದೆ, ಆದರೆ 1955 ಅನ್ನೋದು ಸ್ಪಷ್ಟ. ಕಾಸರಗೋಡು ತಾಲೂಕು ಆಗ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು, ಬೇರೆ ಜಿಲ್ಲೆ ಆದದ್ದು 1984ರ ಮೇ 24ಕ್ಕೆ. ಈ ಬದಲಾವಣೆಗಳೆಲ್ಲ ಮನೆಗೆ ಬಂದ ಕಾಗದಗಳ ವಿಳಾಸದಲ್ಲಿ ಸಾಲಾಗಿ ದಾಖಲಾಗಿವೆ: ಮೊದಲು ಸೌತ್ ಕೆನರಾ, ಆಮೇಲೆ ಕಣ್ಣೂರು ಜಿಲ್ಲೆ, ಆಮೇಲೆ ಕಾಸರಗೋಡು ಜಿಲ್ಲೆ. ಸೇರಿದ ಮೇಲೂ ಕೆಲವರು ಎಷ್ಟೋ ಕಾಲ ಹಳೆಯ ಜಿಲ್ಲೆಯ ಹೆಸರನ್ನೇ ಬರೆಯುತ್ತಿದ್ದರು, ಅಂಥ ಕಾಗದ ಕಂಡರೆ ನನಗೆ ಬಿಟ್ಟು ಏಳಲು ಮನಸ್ಸಾಗುವುದಿಲ್ಲ. ನಮ್ಮ ಗಡಿಯ ಕಥೆಯನ್ನು ಇಷ್ಟು ಚೊಕ್ಕವಾಗಿ ಹೇಳುವ ವಸ್ತು ಬೇರೆ ಯಾವುದಿದೆ ಹೇಳಿ.

ಇಂಥ ಕಾಗದಗಳನ್ನು ಜನ ಜೋಪಾನ ಮಾಡಲಿಲ್ಲ. ಸರಿಗೆಗೆ ಚುಚ್ಚಿ ನೇತು ಹಾಕಿದರು, ಬಚ್ಚಲ ಒಲೆಗೆ ಹಾಕಿದರು, ಮನೆ ಖಾಲಿ ಮಾಡುವಾಗ ಗುಜರಿಗೆ ಕೊಟ್ಟರು. ಹಾಗಾಗಿ ಮಂಜೇಶ್ವರ, ಉಪ್ಪಳ, ಕುಂಬಳೆ, ಪೆರ್ಲ, ಮುಳ್ಳೇರಿಯ, ಅಡೂರಿನಂಥ ಊರುಗಳ ಹಳೆಯ ಠಸ್ಸೆ ಸ್ಪಷ್ಟವಾಗಿ ಬಿದ್ದಿರುವ ಕಾಗದ ಹುಡುಕಿದರೂ ಸುಲಭಕ್ಕೆ ಸಿಗದು. ಎಲ್ಲದಕ್ಕೂ ದೊಡ್ಡ ದುಡ್ಡು ಬರುತ್ತದೆ ಎಂದು ನಾನು ಹೇಳುತ್ತಿಲ್ಲ. ಬೇಕಾದವನಿಗೆ ಅದು ಬೇಕೇ ಬೇಕು, ಬೇಡದವನಿಗೆ ರದ್ದಿ. ಆದರೆ ಟ್ರಂಕಿನಲ್ಲಿ ಇನ್ನೊಂದು ಸಿಗದ ವಸ್ತು ಅಂತ ಇದ್ದರೆ ಅದು ಈ ಕಟ್ಟಿನಲ್ಲೇ. ಗುಂಡುಸೂಜಿ, ಕ್ಲಿಪ್ಪು, ರಬ್ಬರ್ ಬ್ಯಾಂಡ್ ತೆಗೆಯಿರಿ. ಒಳಗಿನ ಪತ್ರವನ್ನು ಕವರಿನಿಂದ ಬೇರೆ ಮಾಡಿ ಎಲ್ಲೋ ಹಾಕಬೇಡಿ. ರಿಜಿಸ್ಟರ್ಡ್ ಚೀಟಿ ಅಂಟಿಸಿದ ಕವರು, ಮನಿ ಆರ್ಡರಿನ ತುಂಡು, 'ವಿಳಾಸದಾರರು ಇಲ್ಲ' ಎಂದು ಪೋಸ್ಟ್‌ಮ್ಯಾನ್ ಬರೆದು ವಾಪಸ್ ಕಳಿಸಿದ ಕವರು, ಯಾವುದನ್ನೂ ಎಸೆಯಬೇಡಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನ ಜೊತೆ ಸೇರಿಸಿದ್ದಾರೆ, ಆ ಹಳೆಯ ಚೀಟಿಗಳು ಇನ್ನು ಹೊಸದಾಗಿ ಹುಟ್ಟುವುದಿಲ್ಲ.

ಫಸ್ಟ್ ಡೇ ಕವರುಗಳಲ್ಲೂ ಬೇರೆ ಮಾಡಿ ಇಡಬೇಕಾದವು ಇರಬಹುದು. 1950ರ ದಶಕದವು ಇದ್ದರೆ ಅವು ಒಂದು ಕಡೆ. ನಿಮ್ಮ ಅಪ್ಪ ತಮ್ಮ ವಿಳಾಸಕ್ಕೇ ಅಂಚೆಯಲ್ಲಿ ತರಿಸಿಕೊಂಡದ್ದು, ಅಂದರೆ ಮುಂಭಾಗದಲ್ಲಿ ಮೊದಲ ದಿನದ ಠಸ್ಸೆ, ಹಿಂಭಾಗದಲ್ಲಿ ಬದಿಯಡ್ಕಕ್ಕೆ ಬಂದು ಮುಟ್ಟಿದ ಠಸ್ಸೆ ಇರುವಂಥವು, ಇನ್ನೊಂದು ಕಡೆ. ವಿಳಾಸ ಬರೆಯದ ಶುದ್ಧ ಕವರೇ ಚೆಂದ ಎಂದು ತುಂಬ ಜನ ಭಾವಿಸುತ್ತಾರೆ. ಅಂಚೆ ಇತಿಹಾಸ ಸಂಗ್ರಹಿಸುವವರಿಗೆ ಮಾತ್ರ ಓಡಾಡಿ ಬಂದ ಕವರೇ ಇಷ್ಟ, ನನ್ನ ಓಟೂ ಅದಕ್ಕೇ. ಸ್ಟಾಂಪಿನ ವಿವರ ಮುದ್ರಿಸಿದ ಬ್ರೋಷರುಗಳು ಜೊತೆಗಿದ್ದರೆ ಅವನ್ನೂ ಇಟ್ಟುಕೊಳ್ಳಿ.

ಇಲ್ಲೇ ಒಂದು ಎಚ್ಚರಿಕೆ. ಸಂಗ್ರಹ ಇದೆ ಎಂದು ಗೊತ್ತಾದ ಕೂಡಲೇ ನಿಮಗೆ ಮಾರಲೂ ಜನ ಬರುತ್ತಾರೆ. ಹಳೆಯ ಕವರಿಗೆ ಬೇರೆ ಸ್ಟಾಂಪು ಅಂಟಿಸಿ ನಕಲಿ ಠಸ್ಸೆ ಹೊಡೆದು ಮಾರುವುದು ಹೊಸದೇನಲ್ಲ. ಲೆನ್ಸ್ ಹಿಡಿದು ಠಸ್ಸೆಯ ಗೆರೆ ಸ್ಟಾಂಪಿನ ಅಂಚು ದಾಟುವ ಜಾಗ ನೋಡಿ. ಗೆರೆ ಮುರಿಯದೆ, ಒಂದೇ ಬಣ್ಣದಲ್ಲಿ ಮುಂದುವರಿಯಬೇಕು. ಆಮೇಲೆ ವಿಳಾಸ ಓದಿ. ಪಿನ್ ಕೋಡ್ ಶುರುವಾದದ್ದು 1972ರ ಆಗಸ್ಟ್ 15ಕ್ಕೆ. ಅದಕ್ಕೂ ಹಿಂದಿನ ತಾರೀಕಿನ ಕವರಿನಲ್ಲಿ 671121 ಎಂದು ಕಾಸರಗೋಡಿನ ಪಿನ್ ಇದ್ದರೆ ಅದು ಆಗ ಬರೆದದ್ದಲ್ಲ. 1956ಕ್ಕೂ ಮೊದಲಿನ ಠಸ್ಸೆ ಇದ್ದು ವಿಳಾಸದಲ್ಲಿ ಕೇರಳ ರಾಜ್ಯ ಎಂದಿದ್ದರೆ ಕೈ ಕಟ್ಟಿ ಕೂರಿ, ದುಡ್ಡು ತೆಗೆಯಬೇಡಿ.

ಕಂದು ಚುಕ್ಕೆಗೆ ಬರುತ್ತೇನೆ. ಇದು ನಮ್ಮ ಕರಾವಳಿಯ ಎಲ್ಲ ಸಂಗ್ರಹಗಳ ಕಾಯಿಲೆ. ಗಾಳಿಯ ತೇವ ಶೇ. 65 ದಾಟಿ ಹಾಗೇ ನಿಂತರೆ ಬೂಸ್ಟು ಬೆಳೆಯಲು ಶುರು. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ, ತೇವ ಅದಕ್ಕಿಂತ ಎಷ್ಟೋ ಮೇಲೆ ಇರುತ್ತದೆ. ಕಾಗದದೊಳಗಿನ ಕಬ್ಬಿಣದ ಸಣ್ಣ ಕಣ, ಹಿಂಭಾಗದ ಅಂಟು, ಕೈಯ ಬೆವರು ಎಲ್ಲ ಸೇರಿ ಚುಕ್ಕೆ ಗಟ್ಟಿಯಾಗುತ್ತದೆ. ಒಮ್ಮೆ ಎದ್ದ ಚುಕ್ಕೆ ಮನೆಮದ್ದಿಗೆ ಹೋಗುವುದಿಲ್ಲ. ಬ್ಲೀಚು, ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಎಂದು ಹೇಳುವವರಿದ್ದಾರೆ. ಬೇಡ. ಚುಕ್ಕೆ ಮಸುಕಾಗಬಹುದು, ಜೊತೆಗೆ ಸ್ಟಾಂಪಿನ ಬಣ್ಣವೂ ಕಾಗದದ ಬಲವೂ ಹೋಗುತ್ತದೆ, ನೇರಳಾತೀತ ದೀಪದ ಕೆಳಗೆ ಹಿಡಿದರೆ ಬ್ಲೀಚ್ ಮಾಡಿದ್ದು ಎದ್ದು ಕಾಣುತ್ತದೆ. ಇರುವ ಚುಕ್ಕೆ ಇರಲಿ, ಹೊಸದು ಏಳದ ಹಾಗೆ ನೋಡಿಕೊಳ್ಳುವುದೇ ನಮ್ಮ ಕೈಯಲ್ಲಿರುವ ಕೆಲಸ.

ಅದಕ್ಕೆ ಮೊದಲು ಚುಕ್ಕೆ ಇರುವ ಕವರುಗಳನ್ನು ಬೇರೆ ಮಾಡಿ. ಜ್ವರ ಬಂದ ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸುತ್ತೇವಲ್ಲ, ಹಾಗೆ. ಮೇಲೆ ಪುಡಿಯ ಹಾಗೆ ಹಸಿ ಬೂಸ್ಟು ಕಂಡರೆ ಹೊರಗೆ ಜಗಲಿಯಲ್ಲಿ ಕೂತು, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಕವರು ಚೆನ್ನಾಗಿ ಒಣಗಿದ ಮೇಲೆ ಮೆತ್ತನೆಯ ಒಣ ಬ್ರಷ್‌ನಲ್ಲಿ ಒರೆಸಿ. ಬಿಸಿಲಿಗೆ ಹಾಕಬೇಡಿ, ಬಣ್ಣ ಹೋಗುತ್ತದೆ. ಟ್ರಂಕು ಬಿಡಿ. ಕಬ್ಬಿಣದ ಪೆಟ್ಟಿಗೆ ನೆಲಕ್ಕೆ ತಾಗಿದ್ದರೆ ಒಳಗೆ ಬೆವರುತ್ತದೆ. ಹೊರಗೋಡೆಗೆ ತಾಗದ ಕಪಾಟಿನಲ್ಲಿ, ನೆಲದಿಂದ ಎತ್ತರದಲ್ಲಿ, ಕವರುಗಳನ್ನು ಒತ್ತದೆ ನಿಲ್ಲಿಸಿ ಇಡಿ. ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಹಾಕಿ ಮರೆತರೆ ಅದೇ ತೇವದ ಮುದ್ದೆ ಆಗುತ್ತದೆ. ಡಿಸೆಂಬರ್, ಜನವರಿಯ ಒಣಹವೆಯಲ್ಲಿ ಒಂದು ಸಲ ಎಲ್ಲವನ್ನೂ ಹೊರಗೆ ತೆಗೆದು ನೆರಳಿನಲ್ಲಿ ಗಾಳಿಗೆ ಹಿಡಿಯಿರಿ. ಮಳೆಗಾಲದಲ್ಲಿ ಪದೇ ಪದೇ ತೆರೆದು ನೋಡುವ ಆಸೆ ಬೇಡ.

ಪ್ಲಾಸ್ಟಿಕ್ ಕವರಿನ ಬಗ್ಗೆ ಜನ ತುಂಬ ಮೋಸ ಹೋಗುತ್ತಾರೆ. ಅಗ್ಗದ ಫೋಟೋ ಆಲ್ಬಂ ತೆರೆದಾಗ ಒಂದು ವಾಸನೆ ಬರುತ್ತದಲ್ಲ, ಅದು ಹೆಚ್ಚಾಗಿ ಪಿವಿಸಿ ಎಂಬ ಪ್ಲಾಸ್ಟಿಕ್ಕಿನದ್ದು. ಕೆಲವು ವರ್ಷದಲ್ಲಿ ಅದರಿಂದ ಎಣ್ಣೆ ಹಾಗೆ ಒಸರಿ ಸ್ಟಾಂಪಿನ ಬಣ್ಣ, ಠಸ್ಸೆಯ ಮಸಿ ಎರಡೂ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತವೆ. ಪಾಲಿಪ್ರಾಪಿಲೀನ್ ಅಥವಾ ಪಾಲಿಯೆಸ್ಟರ್ ಎಂದು ಕೇಳಿ ತರಿಸಿ, ಒಂದು ಬದಿ ತೆರೆದಿರಲಿ. ಸೆಲ್ಲೋಟೇಪ್ ಹತ್ತಿರವೂ ತರಬೇಡಿ. ನ್ಯಾಫ್ತಲೀನ್ ಗುಳಿಗೆ ಕವರುಗಳ ನಡುವೆ ಬೇಡ. ಗೆದ್ದಲಿನ ಭಯ ಇದ್ದರೆ ಕಪಾಟಿನ ಕಾಲಿಗೆ, ಗೋಡೆಗೆ ಮದ್ದು ಮಾಡಿಸಿ, ಕಾಗದಕ್ಕಲ್ಲ. ಪರಿಮಳದ ಸ್ಟಾಂಪುಗಳಿದ್ದರೆ, ಉದಾಹರಣೆಗೆ 2006ರ ಶ್ರೀಗಂಧದ್ದು ಅಥವಾ 2017ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಕಾಫಿಯದ್ದು, ಅವನ್ನು ಬೇರೆಯಾಗಿಯೇ ಇಡಿ. ವಾಸನೆ ನಿಧಾನಕ್ಕೆ ಹೋಗುತ್ತದೆ, ಅದಕ್ಕೆ ಉಪಾಯ ಇಲ್ಲ.

ಮಾರಬೇಕಾ ಇಟ್ಟುಕೊಳ್ಳಬೇಕಾ ಅನ್ನೋದು ನಿಮ್ಮ ಮನೆಯ ತೀರ್ಮಾನ, ದಾರಿಗಳನ್ನು ಮಾತ್ರ ಹೇಳುತ್ತೇನೆ. ಒಟ್ಟಿಗೆ ಡೀಲರಿಗೆ ಕೊಟ್ಟರೆ ಕೆಲಸ ಬೇಗ ಮುಗಿಯುತ್ತದೆ, ದುಡ್ಡು ಕಡಿಮೆ. ಫಸ್ಟ್ ಡೇ ಕವರು, ಹಳೆಯ ಕಾಗದದ ಕಟ್ಟು ಎಲ್ಲ ಸೇರಿಸಿ ಒಂದೇ ರೇಟು ಹೇಳಿದರೆ ಒಪ್ಪಬೇಡಿ, ಹಳೆಯ ಕಾಗದಗಳ ಬೆಲೆ ಆ ಮುನ್ನೂರು ಕವರುಗಳ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಹರಾಜಿಗೆ ಕೊಟ್ಟರೆ ಅಪರೂಪದ್ದಕ್ಕೆ ನ್ಯಾಯವಾದ ಬೆಲೆ ಬರಬಹುದು. ಆದರೆ ಕಮಿಷನ್ ಹೋಗುತ್ತದೆ, ತಿಂಗಳುಗಟ್ಟಲೆ ಕಾಯಬೇಕು, ಮಾಮೂಲಿ ಕವರುಗಳನ್ನು ಅವರು ತೆಗೆದುಕೊಳ್ಳುವುದೂ ಇಲ್ಲ. ಆನ್‌ಲೈನಿನಲ್ಲಿ ಒಂದೊಂದಾಗಿ ಮಾರಿದರೆ ಸ್ವಲ್ಪ ಜಾಸ್ತಿ ಸಿಗುತ್ತದೆ, ಫೋಟೋ ತೆಗೆದು ಪ್ಯಾಕ್ ಮಾಡಿ ಕಳಿಸುವ ತಾಳ್ಮೆ ಬೇಕು. ಅಲ್ಲಿ ಮಾರುವವರು ಕೇಳುವ ಬೆಲೆ ನೋಡಿ ಆಸೆ ಪಡಬೇಡಿ, ಎಷ್ಟಕ್ಕೆ ಮಾರಾಟ ಆಯಿತು ಅನ್ನೋದನ್ನು ನೋಡಿ. ಯಾವ ದಾರಿ ಹಿಡಿದರೂ ಮೊದಲು ಎರಡೂ ಬದಿ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ, ನೋಡಲು ಕೊಡಿ ಎಂದವರ ಕೈಗೆ ಮೂಲ ಕೊಟ್ಟು ಕಳಿಸಬೇಡಿ. ನನ್ನನ್ನು ಕೇಳಿದರೆ, ಈ ಮುನ್ನೂರರಿಂದ ಬರುವ ದುಡ್ಡು ನಿಮ್ಮ ಬದುಕನ್ನೇನೂ ಬದಲಿಸದು. ಮನೆಯಲ್ಲಿ ಆಸಕ್ತಿ ಇರುವ ಮಗು ಇರುವಾಗ ಮಾರುವ ಅವಸರ ಯಾಕೆ?

ಮಗಳ ವಿಷಯಕ್ಕೆ ಬಂದರೆ, ಗಡಿಯಲ್ಲಿರುವುದು ಅವಳಿಗೆ ಒಂದು ಅನುಕೂಲ. ಕಾಸರಗೋಡು ಕೇರಳ ಅಂಚೆ ವೃತ್ತಕ್ಕೆ (ಇಲಾಖೆಯ ರಾಜ್ಯಮಟ್ಟದ ವಿಭಾಗಕ್ಕೆ) ಸೇರಿದೆ, ರೈಲು ಹತ್ತಿದರೆ ಮಂಗಳೂರು, ಅದು ಕರ್ನಾಟಕ ವೃತ್ತ. ಎರಡೂ ವೃತ್ತಗಳು ಬೇರೆ ಬೇರೆಯಾಗಿ ವಿಶೇಷ ಕವರು ತರುತ್ತವೆ. ವಿಶೇಷ ಕವರು ಅಂದರೆ ಅಲ್ಲಿ ಹೊಸ ಸ್ಟಾಂಪು ಇರುವುದಿಲ್ಲ. ಒಂದು ಊರಿನ ಹಬ್ಬ, ಶಾಲೆಯ ಶತಮಾನ, ಒಬ್ಬ ದೊಡ್ಡವರ ನೆನಪು, ಪ್ರದರ್ಶನ, ಇಂಥದ್ದಕ್ಕೆ ಮುದ್ರಿಸಿದ ಕವರು, ಅದಕ್ಕೆಂದೇ ಮಾಡಿಸಿದ ಠಸ್ಸೆ. ಆ ಠಸ್ಸೆ ಹೆಚ್ಚಾಗಿ ಒಂದೇ ಊರಿನಲ್ಲಿ, ಒಂದೇ ದಿನ. ದೇಶಕ್ಕೆಲ್ಲ ಹೋಗುವ ಫಸ್ಟ್ ಡೇ ಕವರಿಗಿಂತ ಇದರ ಸಂಖ್ಯೆ ತುಂಬ ಕಡಿಮೆ. ಹಾಗಾಗಿ ಸಣ್ಣ ಬಜೆಟ್ಟಿನಲ್ಲಿ ಶುರು ಮಾಡುವವರಿಗೆ ನಾನು ಇದನ್ನೇ ಹೇಳುವುದು.

ವಿಶೇಷ ಠಸ್ಸೆ ಇದೆ ಎಂದು ಗೊತ್ತಾದರೆ ಆ ದಿನ ಅಲ್ಲಿಗೆ ಹೋಗಿ, ಮಾಮೂಲಿ ಕಾಗದಕ್ಕೆ ಬೇಕಾದಷ್ಟು ಸ್ಟಾಂಪು ಹಚ್ಚಿದ ಸ್ವಂತ ಕವರನ್ನೂ ಕೊಟ್ಟು ಕೇಳಿ. ಕವರಿನೊಳಗೆ ಮದುವೆ ಕಾಗದದಷ್ಟು ದಪ್ಪದ ಒಂದು ಕಾರ್ಡು ಇಡಿ, ಠಸ್ಸೆ ಚೊಕ್ಕವಾಗಿ ಕೂರುತ್ತದೆ. ಸ್ಟಾಂಪನ್ನು ಬಲಮೂಲೆಯ ತೀರಾ ಅಂಚಿಗೆ ಹಚ್ಚಬೇಡಿ, ಎಡಗಡೆ ಮತ್ತು ಕೆಳಗೆ ಜಾಗ ಬಿಡಿ. ಹೊಡೆದ ಮೇಲೆ ಒಂದರ ಮೇಲೊಂದು ಪೇರಿಸಬೇಡಿ, ಮಸಿ ಒಣಗಲು ಹೊತ್ತು ಬೇಕು. ಮೆಲ್ಲಗೆ ಹೊಡೀರಿ ಸಾರ್ ಎಂದು ನಗುತ್ತಾ ಕೇಳಿದರೆ ಕೌಂಟರಿನಲ್ಲಿರುವವರಿಗೂ ಖುಷಿ, ಇದು ನನ್ನ ಅನುಭವದ ಮಾತು. ಹೋಗಲು ಆಗದಿದ್ದರೆ, ಸ್ಟಾಂಪು ಹಚ್ಚಿ ನಿಮ್ಮದೇ ವಿಳಾಸ ಬರೆದ ಕವರನ್ನು ದೊಡ್ಡ ಕವರಿನೊಳಗಿಟ್ಟು, ಒಂದು ಚಿಕ್ಕ ವಿನಂತಿ ಬರೆದು, ಆ ಅಂಚೆ ಕಚೇರಿಯ ಪೋಸ್ಟ್‌ಮಾಸ್ಟರಿಗೆ ಮುಂಚಿತವಾಗಿ ಕಳಿಸಿ.

ಹೊಸ ಸ್ಟಾಂಪು ಮತ್ತು ಫಸ್ಟ್ ಡೇ ಕವರುಗಳಿಗೆ ಫಿಲಾಟೆಲಿ ಡಿಪಾಸಿಟ್ ಖಾತೆ ತೆರೆದರೆ ಸಾಕು, ಠೇವಣಿಯಿಂದ ಹಣ ಕಳೆದುಕೊಂಡು ಮನೆಗೇ ಕಳಿಸುತ್ತಾರೆ. ಎಲ್ಲ ಬಿಡುಗಡೆಯನ್ನೂ ತರಿಸಬೇಕೆಂದಿಲ್ಲ, ಅವಳಿಗೆ ಹಕ್ಕಿ ಇಷ್ಟ ಅಂದರೆ ಹಕ್ಕಿ, ರೈಲು ಅಂದರೆ ರೈಲು. ಇಲಾಖೆಯ ದೀನ್ ದಯಾಳ್ ಸ್ಪರ್ಶ್ ಎಂಬ ವಿದ್ಯಾರ್ಥಿವೇತನ 6ರಿಂದ 9ನೇ ತರಗತಿಯವರಿಗೆ ಇದೆ, ವರ್ಷಕ್ಕೆ 6000 ರೂಪಾಯಿ. ಕ್ವಿಜ್, ಆಮೇಲೆ ಒಂದು ಪ್ರಾಜೆಕ್ಟ್. ಶಾಲೆಯ ಫಿಲಾಟೆಲಿ ಕ್ಲಬ್ಬಿನಲ್ಲಿರಬೇಕು, ಇಲ್ಲವೇ ಈ ಡಿಪಾಸಿಟ್ ಖಾತೆ ಇರಬೇಕು. ಅವಳು ಕೇರಳ ವೃತ್ತದಲ್ಲಿ ಅರ್ಜಿ ಹಾಕಬೇಕು, ಸುತ್ತೋಲೆ ಬಂದಿದೆಯಾ ಎಂದು ಕಾಸರಗೋಡು ಹೆಡ್ ಪೋಸ್ಟ್ ಆಫೀಸಿನಲ್ಲಿ ಕೇಳುತ್ತಿರಿ.

ಜೊತೆಗೆ ಖಾಯಂ ಚಿತ್ರಠಸ್ಸೆಗಳಿವೆ. ಪ್ರಸಿದ್ಧ ಊರುಗಳ ಅಂಚೆ ಕಚೇರಿಯಲ್ಲಿ ಆ ಊರಿನ ಚಿತ್ರ ಇರುವ ಠಸ್ಸೆ ಇಟ್ಟಿರುತ್ತಾರೆ, ಕೆಲಸದ ಯಾವ ದಿನ ಹೋಗಿ ಕೇಳಿದರೂ ಹೊಡೆದುಕೊಡುತ್ತಾರೆ. ಪ್ರವಾಸ ಹೋದಲ್ಲೆಲ್ಲ ಒಂದು ಪೋಸ್ಟ್ ಕಾರ್ಡು ಮಗಳ ಹೆಸರಿಗೆ ಹಾಕಿಸಿ. ಶಬರಿಮಲೆ ಸನ್ನಿಧಾನದ ಅಂಚೆ ಕಚೇರಿಯದ್ದು ಇವುಗಳಲ್ಲಿ ವಿಶೇಷ, ಅಯ್ಯಪ್ಪನ ವಿಗ್ರಹ ಮತ್ತು ಹದಿನೆಂಟು ಮೆಟ್ಟಿಲ ಚಿತ್ರ ಇದೆ. ಕಚೇರಿ ತೆರೆಯುವುದು ಮಂಡಲ, ಮಕರವಿಳಕ್ಕು ಕಾಲದಲ್ಲಿ ಮಾತ್ರ, ಪಿನ್ 689713. ನಿಮ್ಮ ಊರಿನಿಂದ ಮಾಲೆ ಹಾಕಿ ಹೋಗುವವರು ಇದ್ದೇ ಇರುತ್ತಾರೆ. ನವೆಂಬರ್ ಮಧ್ಯಕ್ಕೆ ಮೊದಲೇ ವಿಳಾಸ ಬರೆದು ಸ್ಟಾಂಪು ಹಚ್ಚಿದ ಎರಡು ಕವರುಗಳನ್ನು ಗಟ್ಟಿ ಕಾರ್ಡಿನ ನಡುವೆ ಇಟ್ಟು ಅವರ ಕೈಗೆ ಕೊಡಿ. ಒಂದನ್ನು ಅಲ್ಲಿಯ ಡಬ್ಬಿಗೇ ಹಾಕಲಿ, ಇನ್ನೊಂದನ್ನು ಕೌಂಟರಿನಲ್ಲಿ ಠಸ್ಸೆ ಹಾಕಿಸಿ ಕೈಯಲ್ಲೇ ತರಲಿ.